ಧರ್ಮ ಸ್ವಾತಂತ್ರ್ಯಕ್ಕೆ ಎರಡು ಅಳತೆಗೋಲೇ?

2025ರ ನವೆಂಬರ್ 4ರಂದು ಅಮೇರಿಕದ ಅತಿದೊಡ್ಡ ನಗರವಾದ ನ್ಯೂಯಾರ್ಕ್‌ನ ಜನತೆ ಝೊಹ್ರಾನ್ ಮಮ್ದಾನಿಯವರನ್ನು ತಮ್ಮ ಮೇಯರ್ ಆಗಿ ಆರಿಸಿದರು. ಭಾರತೀಯ ಚಿತ್ರ ನಿರ್ದೇಶಕಿ ಮೀರಾ ನಾಯರ್‌ರ ಪುತ್ರರಾದ ಅವರು ಆ ನಗರದ ಪ್ರಥಮ ಮುಸ್ಲಿಮ್ ಮೇಯರ್. ಅವರ ಆರ್ಥಿಕ ನೀತಿಯನ್ನು ಟೀಕಿಸುವ, ಅವರನ್ನು ಸೋಲಿಸಲು ಶ್ರಮಿಸುವ ಹಕ್ಕು ವಿರೋಧಿಗಳಿಗೆ ಖಂಡಿತ ಇದೆ. ಪ್ರಜಾಪ್ರಭುತ್ವವೆಂದರೆ ಅದುವೇ. ಆದರೆ ಜೂನ್‌ನಲ್ಲಿ ತಮ್ಮ ಪಕ್ಷದ ಒಳಚುನಾವಣೆಯಲ್ಲಿ ಅವರು ಗೆದ್ದ ಬೆನ್ನಿಗೇ ಟೆನೆಸ್ಸಿ ರಾಜ್ಯದ ರಿಪಬ್ಲಿಕನ್ ಸಂಸದ ಆಂಡಿ ಓಗಲ್ಸ್, ಅವರ ಪೌರತ್ವವನ್ನೇ ರದ್ದುಪಡಿಸುವ ಕ್ರಮ ಕೈಗೊಳ್ಳಬೇಕೆಂದು ಸರಕಾರಕ್ಕೆ ಪತ್ರ ಬರೆದರು. ಪ್ರವಾದಿವರ್ಯರ(ಸ) ಪವಿತ್ರ ನಾಮವನ್ನು ಅಪಹಾಸ್ಯದ ಅಡ್ಡಹೆಸರಾಗಿ ಬಳಸಲೂ ಅವರು ಹಿಂಜರಿಯಲಿಲ್ಲ. ಇದು ನೀತಿಯ ವಿರೋಧವಲ್ಲ, ಹೆಸರಿನ ವಿರೋಧ, ಧರ್ಮದ ವಿರೋಧ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಧರ್ಮ ಸ್ವಾತಂತ್ರ್ಯದ ಬಗ್ಗೆ ಅಮೇರಿಕದಲ್ಲಿ ಅತಿ ಹೆಚ್ಚು ಮಾತಾಡುವವರು ಈ ಸಂಪ್ರದಾಯವಾದಿ ಬಲಪಂಥೀಯರೇ. ಶಾಲೆಗಳಲ್ಲಿ ಪ್ರಾರ್ಥನೆ ಬೇಕು, ನ್ಯಾಯಾಲಯದ ಅಂಗಳದಲ್ಲಿ ಧರ್ಮಾಜ್ಞೆಗಳ ಶಿಲೆ ಬೇಕು, ವಿಶ್ವಾಸಿಯ ಅಂತಃಸಾಕ್ಷಿಗೆ ಕಾನೂನು ತಲೆಬಾಗಬೇಕು ಎಂದೆಲ್ಲ ವಾದಿಸುವವರು ಅವರು. ಧರ್ಮವನ್ನು ಸಾರ್ವಜನಿಕ ಬದುಕಿನಿಂದ ಹೊರದೂಡಬಾರದು ಎಂಬ ಅವರ ಮಾತಿನಲ್ಲಿ ನಾವೂ ಸಹಮತ ಹೊಂದಬಹುದಾದ ಅಂಶವಿದೆ. ಆದರೆ ಅದೇ ಸ್ವಾತಂತ್ರ್ಯವನ್ನು ಓರ್ವ ಮುಸ್ಲಿಮ್ ಕೇಳಿದಾಗ ಅವರ ಅಳತೆಗೋಲು ಏಕೆ ಬದಲಾಗುತ್ತದೆ? ನಮ್ಮ ಪ್ರಶ್ನೆಯಿರುವುದು ಇಲ್ಲಿಯೇ.

ಈ ಕಾಯಿಲೆ ನಿನ್ನೆ ಮೊನ್ನೆಯದಲ್ಲ. 2006ರ ನವೆಂಬರ್‌ನಲ್ಲಿ ಮಿನ್ನೆಸೋಟ ರಾಜ್ಯದಿಂದ ಕೀತ್ ಎಲಿಸನ್ ಅಮೇರಿಕದ ಸಂಸತ್ತಿಗೆ ಆಯ್ಕೆಯಾದರು. ಆ ಸಂಸತ್ತಿನ ಇತಿಹಾಸದಲ್ಲೇ ಪ್ರಥಮ ಮುಸ್ಲಿಮ್ ಸದಸ್ಯ ಅವರು. ಚುನಾಯಿತರಾದ ಒಂದೇ ವಾರದಲ್ಲಿ ದೂರದರ್ಶನ ವ್ಯಾಖ್ಯಾನಕಾರ ಗ್ಲೆನ್ ಬೆಕ್ ತನ್ನ ಕಾರ್ಯಕ್ರಮದಲ್ಲಿ, ನೀವು ನಮ್ಮ ಶತ್ರುಗಳ ಜೊತೆ ಕೆಲಸ ಮಾಡುತ್ತಿಲ್ಲವೆಂದು ರುಜುವಾತು ಪಡಿಸಿ ಎಂದು ಅವರ ಮುಖಕ್ಕೇ ಹೇಳಿದರು. ಸಾವಿರಾರು ಮತದಾರರ ವಿಶ್ವಾಸ ಗಳಿಸಿ ಬಂದ ಜನಪ್ರತಿನಿಧಿಯು ಓರ್ವ ಟಿ.ವಿ. ನಿರೂಪಕನ ಮುಂದೆ ತನ್ನ ದೇಶನಿಷ್ಠೆಯ ಪರೀಕ್ಷೆ ಕೊಡಬೇಕಂತೆ!

ಎಲಿಸನ್ ಪವಿತ್ರ ಕುರ್‌ಆನನ್ನು ಹಿಡಿದು ಪ್ರಮಾಣ ಸ್ವೀಕರಿಸಲಿದ್ದಾರೆಂಬ ವಾರ್ತೆ ಹೊರಬಿದ್ದಾಗ ಇನ್ನೊಂದು ಗದ್ದಲ ಎದ್ದಿತು. ಬಲಪಂಥೀಯ ಅಂಕಣಕಾರ, ರೇಡಿಯೋ ಭಾಷಣಕಾರ ಡೆನಿಸ್ ಪ್ರೇಗರ್ ಇದಕ್ಕೆ ಅವಕಾಶ ನೀಡಲೇಬಾರದೆಂದು ಬರೆದರು. ಬೈಬಲ್‌ನ ಮೇಲೆ ಪ್ರಮಾಣ ಮಾಡಲಾಗದವರು ಸಂಸತ್ತಿಗೆ ಬರುವುದೇ ಬೇಡ ಎಂಬುದು ಅವರ ತೀರ್ಪು. ಹಿಟ್ಲರನ ಗ್ರಂಥದ ಮೇಲೆ ಪ್ರಮಾಣ ಮಾಡಲು ಬಿಡುತ್ತೀರಾ ಎಂದು ಹೋಲಿಕೆಯನ್ನೂ ಕೊಟ್ಟರು. ಪ್ರೇಗರ್ ಸ್ವತಃ ಯಹೂದಿ ಅಲ್ಪಸಂಖ್ಯಾತ ಸಮುದಾಯದವರು ಎಂಬುದು ಇಲ್ಲಿನ ವಿಪರ್ಯಾಸ. ವರ್ಜೀನಿಯದ ಸಂಸದ ವರ್ಜಿಲ್ ಗೂಡ್ ಇನ್ನೂ ಮುಂದೆ ಹೋದರು. ವಲಸೆ ನೀತಿಯನ್ನು ಬಿಗಿಗೊಳಿಸದಿದ್ದರೆ ಇನ್ನಷ್ಟು ಮುಸ್ಲಿಮರು ಆಯ್ಕೆಯಾಗಿ ಬಂದು ಕುರ್‌ಆನ್ ಕೇಳಲಿದ್ದಾರೆಂದು ತನ್ನ ಕ್ಷೇತ್ರದವರಿಗೆ ಪತ್ರ ಬರೆದು ಎಚ್ಚರಿಸಿದರು. ಆದರೆ ಎಲಿಸನ್ ವಲಸಿಗರೇ ಅಲ್ಲ. ಅಮೇರಿಕದಲ್ಲಿ ಜನಿಸಿ, ವಿದ್ಯಾರ್ಥಿ ದೆಸೆಯಲ್ಲಿ ಇಸ್ಲಾಮ್ ಸ್ವೀಕರಿಸಿದ ಕರಿಯ ಜನಾಂಗದ ವ್ಯಕ್ತಿ ಅವರು. ತಮ್ಮ ಪೂರ್ವಿಕರು 1742ರಿಂದಲೂ ಆ ನೆಲದಲ್ಲಿದ್ದಾರೆಂದು ಅವರು ತಾಳ್ಮೆಯಿಂದಲೇ ತಿಳಿಸಿದರು. ಅಂದರೆ ಅಮೇರಿಕ ಎಂಬ ರಾಷ್ಟ್ರ ಸ್ಥಾಪನೆಯಾಗುವ ಮೊದಲೇ!

ಇನ್ನು ಕಾನೂನಿನ ವಿಚಾರಕ್ಕೆ ಬರೋಣ. ಯಾವುದೇ ಸಾರ್ವಜನಿಕ ಹುದ್ದೆಗೆ ಧಾರ್ಮಿಕ ಅರ್ಹತೆಯನ್ನು ಷರತ್ತಾಗಿ ಇಡಬಾರದೆಂದು ಅಮೇರಿಕದ ಸಂವಿಧಾನದ 6ನೇ ವಿಧಿಯೇ ಹೇಳುತ್ತದೆ. ಸದಸ್ಯರೆಲ್ಲರೂ ಸದನದಲ್ಲಿ ಒಟ್ಟಾಗಿ ಕೈಯೆತ್ತಿ ಅಧಿಕೃತ ಪ್ರಮಾಣ ಸ್ವೀಕರಿಸುವಾಗ ಯಾವ ಗ್ರಂಥದ ಅಗತ್ಯವೂ ಇಲ್ಲ. ಗ್ರಂಥ ಹಿಡಿಯುವುದು ಆ ಬಳಿಕ ಛಾಯಾಚಿತ್ರಕ್ಕಾಗಿ ನಡೆಯುವ ಖಾಸಗಿ ಸಮಾರಂಭದಲ್ಲಿ. ಸಂವಿಧಾನದ ಹೆಸರಲ್ಲಿ ಘರ್ಜಿಸಿದವರಿಗೆ ಈ ಸರಳ ಸತ್ಯ ತಿಳಿದಿರಲಿಲ್ಲವೇ, ಅಥವಾ ತಿಳಿದೂ ಮರೆಮಾಚಿದರೇ?

ಎಲಿಸನ್ ಇದಕ್ಕೆ ಕೂಗಾಟದಿಂದ ಉತ್ತರಿಸಲಿಲ್ಲ. 2007ರ ಜನವರಿ 4ರಂದು ಅವರು ಅಮೇರಿಕ ಸಂಸತ್ತಿನ ಗ್ರಂಥಾಲಯದಲ್ಲಿದ್ದ ಒಂದು ಹಳೆಯ ಕುರ್‌ಆನ್ ಅನುವಾದವನ್ನು ತರಿಸಿ ಅದರ ಮೇಲೆ ಕೈಯಿಟ್ಟರು. 1764ರಲ್ಲಿ ಲಂಡನ್‌ನಲ್ಲಿ ಮುದ್ರಣಗೊಂಡ, ಜಾರ್ಜ್ ಸೇಲ್ ಅನುವಾದಿಸಿದ ಆ ಪ್ರತಿಯ ಒಡೆಯ ಬೇರಾರೂ ಅಲ್ಲ, ಅಮೇರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್. ಜೆಫರ್ಸನ್‌ರ ಹುಟ್ಟೂರು ಇರುವುದು ಅದೇ ವರ್ಜಿಲ್ ಗೂಡ್‌ರ ಕ್ಷೇತ್ರದಲ್ಲಿ. ಕುರ್‌ಆನ್ ಸಂಸತ್ತಿಗೆ ಬರಬಾರದೆಂದು ಪತ್ರ ಬರೆದವರ ನೆರೆಮನೆಯ ಹಿರಿಯನೊಬ್ಬ ಎರಡೂವರೆ ಶತಮಾನಗಳ ಹಿಂದೆಯೇ ಅದನ್ನು ಹಣಕೊಟ್ಟು ಖರೀದಿಸಿ ತನ್ನ ಗ್ರಂಥಭಂಡಾರದಲ್ಲಿ ಇರಿಸಿಕೊಂಡಿದ್ದ!

ಜೆಫರ್ಸನ್ ರಚಿಸಿದ ಧರ್ಮ ಸ್ವಾತಂತ್ರ್ಯದ ಶಾಸನವು 1786ರಲ್ಲಿ ವರ್ಜೀನಿಯದಲ್ಲಿ ಅಂಗೀಕಾರಗೊಂಡಿತು. ಅದರಲ್ಲಿ ಯೇಸುಕ್ರಿಸ್ತರ ಹೆಸರನ್ನು ಸೇರಿಸಬೇಕೆಂಬ ತಿದ್ದುಪಡಿ ಭಾರೀ ಬಹುಮತದಿಂದ ತಿರಸ್ಕೃತವಾಯಿತು. ಯಹೂದಿ, ಕ್ರೈಸ್ತ, ಮುಸ್ಲಿಮ್, ಹಿಂದೂ ಹಾಗೂ ಯಾವ ಧರ್ಮವನ್ನೂ ನಂಬದವ, ಹೀಗೆ ಎಲ್ಲರನ್ನೂ ಆ ಶಾಸನ ತನ್ನ ರಕ್ಷಣೆಯಡಿ ತರುತ್ತದೆಂಬುದು ಇದರ ಅರ್ಥವೆಂದು ಜೆಫರ್ಸನ್ ತನ್ನ ಆತ್ಮಕಥೆಯಲ್ಲಿ ವಿವರಿಸಿದ್ದಾರೆ. ಅವರೇ ಗುಲಾಮರನ್ನು ಇಟ್ಟುಕೊಂಡಿದ್ದವರು ಎಂಬ ಕಹಿಸತ್ಯವನ್ನೂ ನಾವು ಮರೆಯಬಾರದು. ಗುಲಾಮಗಿರಿಗೆ ದೂಡಲ್ಪಟ್ಟ ಜನಾಂಗದ ವಂಶಜನೊಬ್ಬ ಅವರದೇ ಗ್ರಂಥವನ್ನು ಹಿಡಿದು ಸಂಸತ್ತನ್ನು ಪ್ರವೇಶಿಸಿದ್ದು ಇತಿಹಾಸ ನೀಡಿದ ಉತ್ತರ.

ಈ ಅಸಹಿಷ್ಣುತೆ ಮುಸ್ಲಿಮರಿಗಷ್ಟೇ ಸೀಮಿತವೆಂದು ಯಾರಾದರೂ ಭಾವಿಸಿದರೆ ಅದು ಭ್ರಮೆ. 2007ರ ಜುಲೈ 12ರಂದು ಅಮೇರಿಕದ ಸೆನೆಟ್ ಸಭೆ ಪ್ರಪ್ರಥಮ ಬಾರಿಗೆ ಹಿಂದೂ ಪ್ರಾರ್ಥನೆಯೊಂದಿಗೆ ಆರಂಭಗೊಂಡಿತು. ನೆವಾಡದ ಹಿಂದೂ ಧರ್ಮಗುರು ರಾಜನ್ ಝೆಡ್ ಪ್ರಾರ್ಥಿಸಲು ನಿಂತಾಗ ಪ್ರೇಕ್ಷಕರ ಗ್ಯಾಲರಿಯಿಂದ ಕ್ರೈಸ್ತ ಬಲಪಂಥೀಯ ಕಾರ್ಯಕರ್ತರು ಬೊಬ್ಬಿಟ್ಟು ಅಡ್ಡಿಪಡಿಸಿದರು. ಮೂವರನ್ನು ಬಂಧಿಸಲಾಯಿತು. ಬಳಿಕ ಐಡಹೋ ರಾಜ್ಯದ ಸಂಸದ ಬಿಲ್ ಸಾಲಿ, ಸೆನೆಟ್‌ನ ಹಿಂದೂ ಪ್ರಾರ್ಥನೆಯನ್ನೂ ಸದನದ ಮುಸ್ಲಿಮ್ ಸದಸ್ಯನನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿ, ರಾಷ್ಟ್ರ ನಿರ್ಮಾಪಕರು ಬಯಸಿದ್ದು ಇದನ್ನಲ್ಲ ಎಂದರು. ಮುಸ್ಲಿಮ್ ವಿರೋಧಿ ಮಾತಿಗೆ ಇಲ್ಲಿ ಕುಳಿತು ಚಪ್ಪಾಳೆ ತಟ್ಟುವ ನಮ್ಮ ದೇಶದ ಮಿತ್ರರು ಈ ಘಟನೆಯನ್ನು ಗಮನಿಸಬೇಕು. ಕನ್ನಡ ನಾಡಿನ ಎಷ್ಟೋ ಕುಟುಂಬಗಳು ಅಮೇರಿಕದಲ್ಲಿ ನೆಲೆಸಿವೆ. ಅವರ ಮಂದಿರವನ್ನೂ ಅಲ್ಲಿನ ಮಸೀದಿಯನ್ನೂ ರಕ್ಷಿಸುವುದು ಒಂದೇ ಕಾನೂನು. ಮಸೀದಿಯ ಗೋಡೆಗೆ ಬೀಳುವ ಹಾರೆ ಮಂದಿರದ ಗೋಡೆಗೆ ಬೀಳದೆಂಬ ಭರವಸೆಯನ್ನು ಯಾರೂ ಕೊಡಲಾರರು.

2010ರಲ್ಲಿ ನ್ಯೂಯಾರ್ಕ್‌ನಲ್ಲಿ, ವಿಶ್ವ ವ್ಯಾಪಾರ ಕೇಂದ್ರ ನೆಲಕ್ಕುರುಳಿದ ಸ್ಥಳದಿಂದ ಎರಡು ಬೀದಿಗಳಾಚೆ ಮುಸ್ಲಿಮ್ ಸಮುದಾಯ ಕೇಂದ್ರವೊಂದನ್ನು ನಿರ್ಮಿಸುವ ಯೋಜನೆಗೆ ದೇಶವ್ಯಾಪಿ ವಿರೋಧ ಎಬ್ಬಿಸಲಾಯಿತು. ಸೌದಿ ಅರೇಬಿಯದಲ್ಲಿ ಚರ್ಚ್ ಮತ್ತು ಯಹೂದಿ ಆಲಯಗಳಿಲ್ಲದಿರುವ ತನಕ ಇಲ್ಲಿ ಮಸೀದಿಯೂ ಬೇಡ ಎಂದರು ಸಂಸತ್ತಿನ ಮಾಜಿ ಸ್ಪೀಕರ್ ನ್ಯೂಟ್ ಗಿಂಗ್ರಿಚ್. ಈ ವಾದ ನಮ್ಮ ಕಿವಿಗೆ ಹೊಸದಲ್ಲ. ಮೊದಲು ಮಕ್ಕಾದಲ್ಲಿ ಕಟ್ಟಿಸಿ, ಆಮೇಲೆ ಇಲ್ಲಿ ಕೇಳಿ ಎಂಬ ಮಾತನ್ನು ನಮ್ಮ ಊರುಗಳ ವೇದಿಕೆಗಳಲ್ಲೂ ನಾವು ಕೇಳಿದ್ದೇವೆ. ಯಾವ ರಾಷ್ಟ್ರದ ದೋಷವನ್ನು ದೂರುತ್ತೇವೆಯೋ ಅದೇ ರಾಷ್ಟ್ರವನ್ನು ನಮ್ಮ ನ್ಯಾಯದ ಮಾನದಂಡವಾಗಿಸಿಕೊಳ್ಳುವುದು ಎಂತಹ ತರ್ಕ? ತನ್ನ ಪ್ರಜೆಯ ಹಕ್ಕನ್ನು ಪರದೇಶದ ಅರಸನ ನಡತೆಗೆ ಒತ್ತೆಯಿಡುವುದು ಯಾವ ದೇಶಪ್ರೇಮ? ಅಂದು ನ್ಯೂಯಾರ್ಕ್‌ನ ಮೇಯರ್ ಆಗಿದ್ದ ಮೈಕಲ್ ಬ್ಲೂಮ್‌ಬರ್ಗ್, ಯಹೂದಿಯಾಗಿದ್ದೂ, ಮುಸ್ಲಿಮರ ಈ ಹಕ್ಕಿನ ಪರವಾಗಿ ದೃಢವಾಗಿ ನಿಂತರು ಎಂಬುದನ್ನು ಕೃತಜ್ಞತೆಯಿಂದ ಸ್ಮರಿಸಬೇಕಾಗಿದೆ.

2011ರ ಮಾರ್ಚ್‌ನಲ್ಲಿ ನಡೆದುದು ಇನ್ನೂ ಸ್ಪಷ್ಟವಾದ ಇಬ್ಬಂದಿತನ. ಸಂಸತ್ತಿನ ಆಂತರಿಕ ಭದ್ರತಾ ಸಮಿತಿಯ ಅಧ್ಯಕ್ಷ ಪೀಟರ್ ಕಿಂಗ್, ಅಮೇರಿಕದ ಮುಸ್ಲಿಮ್ ಸಮುದಾಯದಲ್ಲಿ ಉಗ್ರವಾದ ಬೆಳೆಯುತ್ತಿದೆಯೆಂದು ಬಹಿರಂಗ ವಿಚಾರಣೆ ನಡೆಸಿದರು. ಯಾರು ಈ ಕಿಂಗ್? 1980ರ ದಶಕದಲ್ಲಿ ಬ್ರಿಟನ್‌ನಲ್ಲಿ ಬಾಂಬ್ ಸ್ಫೋಟಗಳನ್ನು ನಡೆಸುತ್ತಿದ್ದ ಐರಿಷ್ ರಿಪಬ್ಲಿಕನ್ ಆರ್ಮಿಯನ್ನು ಬಹಿರಂಗವಾಗಿ ಬೆಂಬಲಿಸಿದ್ದವರು. ಈ ಬಗ್ಗೆ ಪ್ರಶ್ನಿಸಿದಾಗ, ಆ ಸಂಘಟನೆ ಅಮೇರಿಕದ ಮೇಲೆ ದಾಳಿ ಮಾಡಿಲ್ಲವಲ್ಲ ಎಂದುಬಿಟ್ಟರು. ಅಂದರೆ ರಕ್ತ ಯಾರದೆಂದು ನೋಡಿ ಭಯೋತ್ಪಾದನೆಯ ಅರ್ಥ ನಿರ್ಣಯವಾಗಬೇಕೇ? ಅದೇ ವಿಚಾರಣೆಯಲ್ಲಿ ಎಲಿಸನ್ ಸಾಕ್ಷ್ಯ ನುಡಿದರು. 2001ರ ಸೆಪ್ಟೆಂಬರ್ 11ರಂದು ಗಾಯಾಳುಗಳ ನೆರವಿಗೆ ಧಾವಿಸಿ ಪ್ರಾಣತೆತ್ತ 23ರ ಹರೆಯದ ಮುಸ್ಲಿಮ್ ಯುವಕನ ಮೇಲೆ, ಆತನ ಧರ್ಮದ ಕಾರಣಕ್ಕಾಗಿ ಸಂಶಯದ ವದಂತಿಗಳನ್ನು ಹರಡಲಾಗಿತ್ತೆಂದು ವಿವರಿಸುತ್ತಾ ಅವರು ಸಭೆಯಲ್ಲೇ ಕಣ್ಣೀರಿಟ್ಟರು.

ನ್ಯಾಯಾಲಯದ ಕಟ್ಟೆಯಲ್ಲೂ ಈ ಎರಡು ಅಳತೆಗಳು ಗೋಚರಿಸಿದವು. 2018ರ ಜೂನ್ 4ರಂದು ಅಮೇರಿಕದ ಸುಪ್ರೀಮ್ ಕೋರ್ಟ್, ಸಲಿಂಗ ವಿವಾಹಕ್ಕೆ ಕೇಕ್ ತಯಾರಿಸಲು ನಿರಾಕರಿಸಿದ ಕ್ರೈಸ್ತ ಬೇಕರಿ ಮಾಲಕನ ಪರವಾಗಿ ತೀರ್ಪಿತ್ತಿತು. ಆತನ ಪ್ರಕರಣ ವಿಚಾರಿಸಿದ ಅಧಿಕಾರಿಗಳ ಮಾತುಗಳಲ್ಲಿ ಧರ್ಮದ ಬಗ್ಗೆ ಹಗೆತನವಿತ್ತೆಂಬುದು ಅದಕ್ಕೆ ಕಾರಣ. ಸರಿ. ಆದರೆ ಮೂರೇ ವಾರಗಳ ಬಳಿಕ, ಜೂನ್ 26ರಂದು, ಅದೇ ನ್ಯಾಯಾಲಯವು ಡೊನಾಲ್ಡ್ ಟ್ರಂಪ್‌ರ ಪ್ರಯಾಣ ನಿಷೇಧದ ಪರಿಷ್ಕೃತ ಆದೇಶವನ್ನು 5-4ರ ಬಹುಮತದಿಂದ ಎತ್ತಿಹಿಡಿಯಿತು. ಮುಸ್ಲಿಮರು ಅಮೇರಿಕ ಪ್ರವೇಶಿಸುವುದನ್ನು ಸಂಪೂರ್ಣ ತಡೆಯಬೇಕೆಂದು 2015ರ ಡಿಸೆಂಬರ್‌ನಲ್ಲಿ ಟ್ರಂಪ್ ಬಹಿರಂಗವಾಗಿ ಘೋಷಿಸಿದ್ದರೂ ಆ ಹಗೆತನ ಅಲ್ಲಿ ಗಣನೆಗೆ ಬರಲಿಲ್ಲ. ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ತಮ್ಮ ಭಿನ್ನ ತೀರ್ಪಿನಲ್ಲಿ ಎತ್ತಿ ತೋರಿಸಿದ್ದು ಈ ವೈರುಧ್ಯವನ್ನೇ.

ಆದರೆ ಸಂಪ್ರದಾಯವಾದಿಗಳೆಲ್ಲರೂ ಹೀಗೆಯೇ ಎಂದರೆ ಅದು ಅನ್ಯಾಯವಾದೀತು. 2008ರಲ್ಲಿ ಒಬಾಮ ಮುಸ್ಲಿಮ್ ಎಂಬ ಗುಲ್ಲು ಹಬ್ಬಿಸಿದಾಗ, ರಿಪಬ್ಲಿಕನ್ ಪಕ್ಷದವರೇ ಆಗಿದ್ದ ಮಾಜಿ ವಿದೇಶ ಸಚಿವ ಕಾಲಿನ್ ಪವೆಲ್ ಬೇರೊಂದು ಪ್ರಶ್ನೆ ಕೇಳಿದರು. ಅವರು ಮುಸ್ಲಿಮ್ ಅಲ್ಲ ಎಂಬುದು ನಿಜ. ಆದರೆ ಈ ದೇಶದಲ್ಲಿ ಮುಸ್ಲಿಮ್ ಆಗಿರುವುದರಲ್ಲಿ ತಪ್ಪೇನಿದೆ ಎಂಬುದು ಅವರ ಪ್ರಶ್ನೆ. ಅಮೇರಿಕದ ಸೈನಿಕನಾಗಿ ಇರಾಕ್‌ನಲ್ಲಿ ಮಡಿದ 20ರ ಹರೆಯದ ಮುಸ್ಲಿಮ್ ತರುಣನ ಗೋರಿಯನ್ನು ಅವರು ಉದಾಹರಿಸಿದರು. ಇರಾಕ್ ಯುದ್ಧದಲ್ಲಿ ಪವೆಲ್‌ರ ಪಾತ್ರವನ್ನು ನಾವು ಒಪ್ಪಲಾರೆವು. ಆದರೂ ಸತ್ಯವನ್ನು ಯಾರು ನುಡಿದರೂ ಅದು ಸತ್ಯವೇ. ಮತದಾರರೂ ಕುರುಡರಲ್ಲ. ಸೋಲಿಗೆ ಕಾರಣಗಳು ಹಲವಿದ್ದರೂ, 2008ರ ಚುನಾವಣೆಯಲ್ಲಿ ಗೂಡ್ ಮತ್ತು ಸಾಲಿ ಇಬ್ಬರೂ ಪರಾಭವಗೊಂಡರು. 2019ರಲ್ಲಿ ರಶೀದಾ ತ್ಲೈಬ್ ಮತ್ತು ಇಲ್ಹಾನ್ ಉಮರ್ ಆ ಸಂಸತ್ತಿನ ಪ್ರಥಮ ಮುಸ್ಲಿಮ್ ಮಹಿಳಾ ಸದಸ್ಯರಾಗಿ ಪ್ರಮಾಣ ಸ್ವೀಕರಿಸಿದರು.

ಇಷ್ಟನ್ನು ಹೇಳಿ ಲೇಖನಿ ಕೆಳಗಿಡುವುದು ಸುಲಭ. ಅಮೇರಿಕದ ಗಿಂಗ್ರಿಚ್‌ಗಳನ್ನು ದೂರಿ ನಾವು ನೆಮ್ಮದಿಯಿಂದ ಮಲಗಬಹುದು. ಆದರೆ ಆ ಅಳತೆಗೋಲನ್ನು ನಮ್ಮ ಮನೆಯಂಗಳಕ್ಕೂ ತರುವ ಧೈರ್ಯ ನಮಗಿರಬೇಡವೇ? 2020ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಕರಕ್ ಜಿಲ್ಲೆಯಲ್ಲಿ ಉದ್ರಿಕ್ತ ಗುಂಪೊಂದು ಹಿಂದೂ ಪುಣ್ಯಸ್ಥಳವನ್ನು ಧ್ವಂಸಗೊಳಿಸಿತು. 2023ರ ಆಗಸ್ಟ್‌ನಲ್ಲಿ ಜರನ್‌ವಾಲದಲ್ಲಿ ಚರ್ಚುಗಳಿಗೂ ಕ್ರೈಸ್ತರ ಮನೆಗಳಿಗೂ ಬೆಂಕಿಯಿಡಲಾಯಿತು. ನ್ಯೂಯಾರ್ಕ್‌ನ ಮಸೀದಿಗಾಗಿ ಮಿಡಿದ ನಮ್ಮ ಹೃದಯ ಅಂದು ಅಷ್ಟೇ ತೀವ್ರವಾಗಿ ಮಿಡಿಯಿತೇ? ನಮ್ಮ ಎಷ್ಟು ಮಿಂಬರ್‌ಗಳಿಂದ ಅದರ ಖಂಡನೆ ಕೇಳಿಬಂತು? ಪರದೇಶದವರ ಪಾತಕಕ್ಕೆ ನಾವು ಹೊಣೆಗಾರರಲ್ಲ. ಆದರೆ ನಮ್ಮ ಮೌನಕ್ಕೆ ನಾವೇ ಹೊಣೆಗಾರರು.

ಇನ್ನೂ ಹತ್ತಿರಕ್ಕೆ ಬರೋಣ. ಮದ್‌ಹಬ್, ಸಂಘಟನೆ, ಪಂಗಡಗಳ ಹೆಸರಿನಲ್ಲಿ ಮಸೀದಿಯ ಬಾಗಿಲಲ್ಲಿ ಸಹೋದರನನ್ನು ತಡೆಯುವ, ದಫನ ಭೂಮಿಯಲ್ಲಿ ಆರಡಿ ಜಾಗಕ್ಕೂ ತಕರಾರೆತ್ತುವ ಮಹಲ್ಲಾಗಳು ನಮ್ಮಲ್ಲಿಲ್ಲವೇ? ಇತರರ ದೇವರನ್ನು ಹೀಯಾಳಿಸುವ ಮಾತುಗಳನ್ನು ಮೊಬೈಲ್‌ನಿಂದ ಮೊಬೈಲ್‌ಗೆ ದಾಟಿಸುವ ಯುವಕರು ನಮ್ಮ ಮನೆಗಳಲ್ಲೇ ಇಲ್ಲವೇ? ಅಲ್ಪಸಂಖ್ಯಾತರಾಗಿದ್ದಾಗ ಸಹಿಷ್ಣುತೆ ಬೇಡುವುದು, ಬಹುಸಂಖ್ಯಾತರಾದಲ್ಲಿ ಅದನ್ನು ಮರೆಯುವುದು ಇಸ್ಲಾಮ್ ಕಲಿಸಿದ ಪಾಠವಲ್ಲ. ಒಂದು ಜನಾಂಗದ ಮೇಲಿನ ಕೋಪವೂ ನಮ್ಮನ್ನು ನ್ಯಾಯದಿಂದ ಸರಿಸಬಾರದೆಂಬುದು ವಿಶ್ವಾಸಿಗಳಿಗಿರುವ ಆಜ್ಞೆ. ನಜ್‌ರಾನ್‌ನ ಕ್ರೈಸ್ತ ನಿಯೋಗ ಮದೀನಕ್ಕೆ ಬಂದಾಗ ಪ್ರವಾದಿವರ್ಯರು(ಸ) ತಮ್ಮ ಮಸೀದಿಯಲ್ಲೇ ಅವರಿಗೆ ಪ್ರಾರ್ಥಿಸಲು ಅವಕಾಶ ನೀಡಿದ್ದನ್ನು ಚರಿತ್ರೆಕಾರರು ದಾಖಲಿಸಿದ್ದಾರೆ. ಆ ಪ್ರವಾದಿಯ ಅನುಯಾಯಿಗಳಿಗೆ ಗಿಂಗ್ರಿಚ್‌ರ ತರ್ಕ ಹೇಗೆ ತಾನೇ ಒಗ್ಗೀತು?

ಧರ್ಮ ಸ್ವಾತಂತ್ರ್ಯವೆಂದರೆ ನನ್ನ ಧರ್ಮಕ್ಕೆ ನಾನು ಕೇಳುವ ರಿಯಾಯಿತಿಯಲ್ಲ. ನೆರೆಯವನ ಪ್ರಾರ್ಥನೆಗೆ ನಾನು ಬಿಟ್ಟುಕೊಡುವ ಜಾಗವೇ ಅದರ ನಿಜವಾದ ಪರೀಕ್ಷೆ. ಪ್ರೇಗರ್, ಗೂಡ್, ಕಿಂಗ್, ಓಗಲ್ಸ್‌ರು ಸೋತಿರುವುದು ಆ ಪರೀಕ್ಷೆಯಲ್ಲಿ. ನಾವು ಅದರಲ್ಲಿ ತೇರ್ಗಡೆಯಾದರೆ ಮಾತ್ರ ಅವರನ್ನು ಪ್ರಶ್ನಿಸುವ ನಮ್ಮ ಮಾತಿಗೆ ತೂಕ ಬರುತ್ತದೆ. ಕೂಗಿಗೆ ಕೂಗು ಉತ್ತರವಲ್ಲವೆಂಬುದನ್ನು ಎಲಿಸನ್ ತೋರಿಸಿಕೊಟ್ಟಿದ್ದಾರೆ. ಕಾನೂನನ್ನು ಅರಿತು, ಇತಿಹಾಸವನ್ನು ಓದಿ, ನಾಗರಿಕನ ಕರ್ತವ್ಯವನ್ನು ತಲೆಯೆತ್ತಿ ನಿರ್ವಹಿಸುವುದೇ ಇಬ್ಬಂದಿತನಕ್ಕೆ ನೀಡಬಹುದಾದ ಅತ್ಯುತ್ತಮ ಉತ್ತರ. ನಮ್ಮ ಮಕ್ಕಳಿಗೆ ನಾವು ಕಲಿಸಬೇಕಾದುದೂ ಇದನ್ನೇ.