ಡಬ್ಬಿ ಮ್ಯಾಲಿನ ವ್ಯಾಟು ನಂಬಬ್ಯಾಡ್ರಿ

ಮಿಕ್ಸರ್ ತಗೋಳಿಕ್ಕೆ ಅಂಗಡಿಗೆ ಹೋದ್ರ ನಾವೇನ್ ಮಾಡ್ತೀವಿ? ಬಣ್ಣ ನೋಡೂದು ಆಮ್ಯಾಲೆ. ಮೊದಲು 500 ವ್ಯಾಟೋ 750 ವ್ಯಾಟೋ ಅಂತ ಕೇಳ್ತೀವಿ. ಸಣ್ಣ ಮಿಕ್ಸರಿನ್ಯಾಗ ಗಟ್ಟಿ ಹಿಟ್ಟು ರುಬ್ಬಲಿಕ್ಕೆ ಹೋಗಿ, ಅದು ಗಪ್ಪನೆ ನಿಂತು, ಕೆಳಗಿನ ಕೆಂಪು ಗುಂಡಿ ಒತ್ತಿ ಮತ್ತ ಚಾಲೂ ಮಾಡಿದ್ದು ಯಾರಿಗೆ ಗೊತ್ತಿಲ್ಲ? ಇಷ್ಟು ತಿಳಿದವರು ಕಂಪ್ಯೂಟರ್ ಮುಂದ ಬಂದ ಕೂಡ್ಲೆ "ಅದೆಲ್ಲಾ ಹುಡುಗೂರಿಗೆ ಬಿಟ್ಟದ್ದು" ಅಂತ ಹಿಂದ ಸರೀತೀವಿ. ಹಿಂಗ ಸರಿದದ್ದಕ್ಕ ನಮ್ಮನಿಯೊಳಗ ದಂಡ ಕಟ್ಟಿದ್ದಾಗೇದ, ಅದಕ್ಕೇ ಇವತ್ತು ಬರೀಲಿಕ್ಕೆ ಕೂತೀನಿ.

ನಮ್ಮ ಸಣ್ಣಾಕಿ ಆರ್ಕಿಟೆಕ್ಚರ್ ಓದ್ತಾಳ. ಮನಿ ನಕ್ಷಾ ಮಾಡಿ ಅದಕ್ಕ ಬೆಳಕು, ನೆರಳು ತುಂಬಿಸೂ ಕೆಲಸಕ್ಕ ರೆಂಡರ್ ಅಂತಾರ. ಅಕ್ಷರ ಟೈಪ್ ಮಾಡುವಾಗ ಕಂಪ್ಯೂಟರ್ ಬಂಗಾರದಂಗ ನಡೀತಿತ್ತು. ರೆಂಡರ್ ಹಚ್ಚಿದ ಹತ್ತು ನಿಮಿಷಕ್ಕ ಟಪ್ ಅಂತ ಆರಿ, ತಾನೇ ಮತ್ತ ಚಾಲೂ ಆಗ್ತಿತ್ತು. ನೀಲಿ ಪರದೆ ಇಲ್ಲ, ಒಂದು ಸೂಚನಾ ಇಲ್ಲ. ಅಂಗಡಿಯಂವ ಮೊದಲು ವೈರಸ್ ಅಂದ, ವಿಂಡೋಸ್ ಮತ್ತ ಹಾಕಿದ. ಆಮ್ಯಾಲೆ ರ‍್ಯಾಮ್ ಅಂದ, ಬದಲಿಸಿದ್ವಿ. ಯುಪಿಎಸ್ ಅಂದ, ಹೊಸಾದು ತಂದ್ವಿ. ನಾನಂತೂ ಉಪ್ಪು, ಒಣಮೆಣಸಿನಕಾಯಿ ಇಳಿಸಿ ದೃಷ್ಟಿನೂ ತಗದೆ, ನಗಬ್ಯಾಡ್ರಿ. ಕಡೀಕ ಕಾಲೇಜಿಗೆ ಒಪ್ಪಿಸೂ ಹಿಂದಿನ ರಾತ್ರಿ ಮತ್ತ ಆರಿ, ಎರಡು ದಿನದ ಕೆಲಸ ಹೋತು. ನಾನು ಆಕಿಗೇ ಬೈದೆ: "ಸೇವ್ ಮಾಡ್ಲಿಕ್ಕೆ ನಿನಗೇನಾಗಿತ್ತು? ಲಕ್ಷ್ಯ ಎಲ್ಲಿರ್ತದ?" ಆಕಿ ಏನೂ ಅನ್ನಲಿಲ್ಲ. ಊಟ ಬಿಟ್ಟು ಮಲಗಿದ್ಲು.

ತಪ್ಪು ಆಕಿದಿರಲಿಲ್ಲ. ಆಮ್ಯಾಲೆ ಬಾಜೂ ಮನಿ ವೈನಿ ಮಗ ಬಂದು ಪ್ಲಗ್ ತಗದು ಕ್ಯಾಬಿನೆಟ್ಟಿನ ಬಾಜೂದ ಹಲಗಿ ಬಿಚ್ಚಿದ. ಮೂಲಿಯೊಳಗ ಒಂದು ಲೋಹದ ಡಬ್ಬಿ ಇರ್ತದ, ಅದೇ ಎಸ್‌ಎಂಪಿಎಸ್. ಗ್ವಾಡಿಯ 230 ವೋಲ್ಟ್ ಕರೆಂಟು ತಗೊಂಡು ಕಂಪ್ಯೂಟರಿಗೆ ಬೇಕಾದ 12, 5, 3.3 ವೋಲ್ಟ್ ಮಾಡಿ ಕೊಡೂ ಡಬ್ಬಿ. ಚಷ್ಮಾ ಹಾಕ್ಕೊಂಡು ನಾನೇ ಓದಿದೆ. 450 ವ್ಯಾಟ್ ಅಂತ ದಪ್ಪಕ್ಷರ. ಕೆಳಗ ಇರಿವಿಯಂಥ ಅಕ್ಷರದೊಳಗ ಒಂದು ಕೋಷ್ಟಕ: 12 ವೋಲ್ಟಿನ ಕೆಳಗ 16 ಆಂಪಿಯರ್. ಪಿಯುಸಿ ಫಿಸಿಕ್ಸ್ ಬಹಳಷ್ಟು ಮರ್ತದ, ಆದ್ರ ವೋಲ್ಟನ್ನ ಆಂಪಿಯರಿನಿಂದ ಗುಣಿಸಿದ್ರ ವ್ಯಾಟು ಬರ್ತದ ಅನ್ನೂದು ನೆನಪದ. ಗುಣಿಸಿದೆ. 192!

ಈಗಿನ ಕಂಪ್ಯೂಟರಿನ್ಯಾಗ ಹೆಚ್ಚು ಉಣ್ಣೂವು ಎರಡೇ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್. ಎರಡೂ ಉಣ್ಣೂದು 12 ವೋಲ್ಟಿನ ತಾಟಿನಿಂದನೇ. ನಮ್ಮದು ಐ5-12400, ಪೂರ್ತಿ ದುಡಿಯುವಾಗ 117 ವ್ಯಾಟಿನ ತನಕ ತಗೋತದ. ಕಾರ್ಡು ಜಿಟಿಎಕ್ಸ್ 1660 ಸೂಪರ್, 125 ವ್ಯಾಟು. ಕೂಡಿಸಿದ್ರ 242. ಬಡಸೂದು 192, ಬೇಡೂದು 242. ರೆಂಡರ್ ಹಚ್ಚಿದಾಗ ಎರಡೂ ಕೂಡಿ ದುಡೀತಾವ, ಟೈಪ್ ಮಾಡುವಾಗ ಇಲ್ಲ. ಆರದ ಇನ್ನೇನಾದೀತು? ಆ ಕಾರ್ಡಿಗೆ ಅದನ್ನ ಮಾಡಿದವರು 450 ವ್ಯಾಟಿನ ಎಸ್‌ಎಂಪಿಎಸ್ ಹಾಕ್ರಿ ಅಂತಾರ. ಡಬ್ಬಿ ಮ್ಯಾಲೂ 450 ಅಂತಿತ್ತು. ಎಲ್ಲಾರೂ ಮೋಸ ಹೋಗೂದು ಇಲ್ಲೇ. ಉಳಿದ ವ್ಯಾಟಿನೊಳಗ ಒಂದಿಷ್ಟು 5 ಮತ್ತು 3.3 ವೋಲ್ಟಿನ ಲೆಕ್ಕ, ಅದು ಈಗಿನ ಕಂಪ್ಯೂಟರಿಗೆ ಸ್ವಲ್ಪೇ ಬೇಕು. ಮಿಕ್ಕಿದ್ದು ಬರೇ ಸ್ಟಿಕರ್.

ಅಂಗಡಿಯಂವನ್ನ ಕೇಳಿದ್ರ, "ಅದು ಕ್ಯಾಬಿನೆಟ್ ಜೋಡಿ ಫ್ರೀ ಬರ್ತದ್ರಿ, ಎಲ್ಲಾರೂ ಅದನ್ನೇ ಹಾಕ್ಕೋತಾರ" ಅಂದ. ಎಲ್ಲಾರೂ ಹಾಕ್ಕೊಂಡ್ರ 192 ಹೋಗಿ 450 ಆಗ್ತದೇನು? ನಮ್ಮ ಗಂಡಸರೂ ಕಡಿಮಿ ಇಲ್ಲ. ಕಾರ್ಡಿಗೆ ಸಾವಿರಾರು ರೂಪಾಯಿ ಸುರೀತಾರ, ಈ ಡಬ್ಬಿಗೆ ರೊಕ್ಕ ಅಂದ್ರ ಮುಖ ಸಣ್ಣ ಮಾಡ್ತಾರ. ಎರಡು ತೊಲಿ ಸರ ಮಾಡಿಸಿ, ಕೊಂಡಿ ಮಾತ್ರ ಹಿತ್ತಾಳಿದು ಹಾಕಿಸಿಧಂಗ.

"ದೊಡ್ಡದು ಹಾಕಿದ್ರ ಕರೆಂಟ್ ಬಿಲ್ ಏರ್ತದ" ಅಂತ ಇನ್ನೊಂದು ಮಾತು. ಸುಳ್ಳು. ದೊಡ್ಡ ಕೊಡದಾಗಿಂದ ಒಂದು ತಂಬಿಗಿ ನೀರು ತಗೊಂಡ್ರ ಕೊಡ ಪೂರ್ತಿ ಖಾಲಿ ಆಗ್ತದೇನು? ಕಂಪ್ಯೂಟರ್ ಬೇಡಿದಷ್ಟೇ ಅದು ಕೊಡ್ತದ. ಹಂಗಂತ 1000 ವ್ಯಾಟಿಂದೂ ಬ್ಯಾಡ, ಅದು ಬರೇ ದೊಡ್ಡಸ್ತಿಕಿ. ಪ್ರೊಸೆಸರಿನ ಹೆಚ್ಚಿನ ವ್ಯಾಟು, ಕಾರ್ಡಿನ ವ್ಯಾಟು ಕೂಡಿಸ್ರಿ, ಬೋರ್ಡು, ಡಿಸ್ಕು, ಫ್ಯಾನಿಗೆ 60-70 ಹಾಕ್ರಿ, ಮ್ಯಾಲೆ ಮೂರನೇ ಒಂದು ಪಾಲು ಉಳತಿ ಇಡ್ರಿ. ನಮ್ಮದು 310, ಉಳತಿ ಸೇರಿ 415ರ ಹತ್ತಿರ. ನಾವು 550 ವ್ಯಾಟಿಂದು ತಂದ್ವಿ. ಅದರ 12 ವೋಲ್ಟಿನ ಕೆಳಗ 45 ಆಂಪಿಯರ್ ಅದ, ಅಂದ್ರ 540. ದಪ್ಪಕ್ಷರಕ್ಕೂ ಸಣ್ಣಕ್ಷರಕ್ಕೂ ತಾಳೆ ಆತು. 80 ಪ್ಲಸ್ ಅನ್ನೂ ಗುರುತೂ ನೋಡ್ರಿ. ಪೂರ್ತಿ ಭಾರ ಹೊರಿಸಿದಾಗೂ, ತಗೊಂಡ ಕರೆಂಟಿನಾಗ ನೂರಕ್ಕ 80ಕ್ಕಿಂತ ಕಡಿಮಿ ಇಲ್ಲಧಂಗ ಕೊಡ್ತದೋ ಇಲ್ಲೋ ಅಂತ ಪರೀಕ್ಷಾ ಮಾಡಿರ್ತಾರ. ಆ ಸ್ಟಿಕರೂ ಖೊಟ್ಟಿ ಇರಬಹುದು, ಮಾಡೆಲ್ ಹೆಸರು 80 ಪ್ಲಸ್‌ನವರ ಪಟ್ಟಿಯೊಳಗ ಅದನೋ ನೋಡಿಸ್ರಿ.

ಕಂಪ್ಯೂಟರ್ ಆರಿದ್ದಕ್ಕೆಲ್ಲಾ ಈ ಡಬ್ಬಿನೇ ಕಾರಣ ಅಂತ ನಾನೂ ಅನ್ನೂದಿಲ್ಲ. ಫ್ಯಾನಿಗೆ ಧೂಳು ಕೂತು ಕಾದ್ರೂ ಆರ್ತದ. ಪದೇ ಪದೇ ನೀಲಿ ಪರದೆ ಬಂದ್ರ ಮೊದಲು ರ‍್ಯಾಮ್, ಡ್ರೈವರ್ ನೋಡಬೇಕು. ಆದ್ರ ಕೆಲಸ ಭಾರ ಆದಾಗಷ್ಟೇ, ಏನೂ ಹೇಳದ ಆರಿದ್ರ, ಧೂಳು ಝಾಡಿಸಿದ ಮ್ಯಾಲೆ ಮೊದಲು ಈ ಕೋಷ್ಟಕ ಓದ್ರಿ. ರ‍್ಯಾಮು, ಯುಪಿಎಸ್ಸು ಆಮ್ಯಾಲೆ. ಒಂದು ಎಚ್ಚರ: ಹಲಗಿ ಬಿಚ್ಚಿದ್ರೂ ಆ ಡಬ್ಬಿ ಮಾತ್ರ ಬಿಚ್ಚಬ್ಯಾಡ್ರಿ. ಪ್ಲಗ್ ತಗದ ಮ್ಯಾಲೂ ಒಳಗ 300 ವೋಲ್ಟಿನ ಆಸುಪಾಸು ಹಿಡಕೊಂಡು ಕೂತಿರಬಹುದು.

ಹೊಸ ಡಬ್ಬಿ ಹಾಕಿದ ರಾತ್ರಿ ರೆಂಡರ್ ಬೆಳಕು ಹರಿಯೂ ತನಕ ನಡೀತು. ಮುಂಜಾನೆ ಚಹಾ ಕೊಟ್ಟು "ತಪ್ಪಾತವ್ವಾ, ಸುಮ್ನ ಬೈದೆ" ಅಂದೆ. "ಇರ್ಲಿ ಬಿಡವ್ವಾ" ಅಂದ್ಲು. ಆದ್ರ ಆ ಎರಡು ದಿನದ ಕೆಲಸ ತಿರುಗಿ ಬರಲಿಲ್ಲ, ಮಾರ್ಕ್ಸೂ ಕಡಿಮಿ ಬಂದ್ವು.

ಹೊಸಾ ಕಂಪ್ಯೂಟರ್ ತಗೋಳವರು ಬಿಲ್ಲಿನೊಳಗ ಎಸ್‌ಎಂಪಿಎಸ್ಸಿನ ಹೆಸರು, ಮಾಡೆಲ್ಲು ಬ್ಯಾರೆ ಬರಸ್ಕೋರಿ. ಫ್ರೀ ಅಂದ್ರ ಬ್ಯಾಡ ಅನ್ರಿ. ಮನಿಯೊಳಗಿಂದು ಆಗಲೇ ಆರ್ಲಿಕ್ಕೆ ಹತ್ತಿದ್ರ ಮಕ್ಕಳಿಗೆ ಬೈಯೂ ಮೊದಲು ಕೋಷ್ಟಕದ ಫೋಟೋ ತಗೊಂಡು ನಮ್ಮನಿಗೆ ಬರ್ರಿ. ಚಹಾ ಕುಡಕೋತ ಗುಣಾಕಾರ ಕೂಡೇ ಮಾಡೂಣು.