ಕೊಂಡದ್ದು ನಮ್ಮದಲ್ಲವೆಂದಾದರೆ ಕೊಟ್ಟ ಹಣ ಯಾರದು?

ಇಳಕಲ್ಲಿನ ಅಂಗಡಿಯೊಂದರಲ್ಲಿ ಸೀರೆ ಕೊಂಡು ತಂದರೆ ಆ ಸೀರೆ ಕೊಂಡವರದಾಗುತ್ತದೆ. ತಾಯಿ ಉಟ್ಟು ಮಗಳಿಗೆ ಕೊಡಬಹುದು, ಮಗಳು ಜೋಪಾನವಾಗಿಟ್ಟು ಮೊಮ್ಮಗಳಿಗೆ ಕೊಡಬಹುದು. ಅಂಗಡಿ ಮುಚ್ಚಿಹೋದರೂ ಕಪಾಟಿನಲ್ಲಿರುವ ಸೀರೆ ಮಾಯವಾಗುವುದಿಲ್ಲ. ಐದು ವರ್ಷಗಳ ಬಳಿಕ ಅಂಗಡಿಯವನು ಬಾಗಿಲು ತಟ್ಟಿ, 'ನಾನು ನಿಮಗೆ ಮಾರಿದ್ದು ಸೀರೆಯನ್ನಲ್ಲ, ಉಡುವ ಅನುಮತಿಯನ್ನು ಮಾತ್ರ, ಇನ್ನು ಹಿಂದಿರುಗಿಸಿ' ಎಂದರೆ ಇಡೀ ಓಣಿಯೇ ಸೇರಿ ಅವನಿಗೆ ಬುದ್ಧಿ ಹೇಳೀತು. ಆದರೆ ಮೊಬೈಲ್ ಮತ್ತು ಕಂಪ್ಯೂಟರ್ ಆಟಗಳ ಪೇಟೆಯಲ್ಲಿ ಇಂದು ನಡೆಯುತ್ತಿರುವುದು ಇದೇ ವ್ಯಾಪಾರ. ಅಲ್ಲಿ ಓಣಿಯಿಲ್ಲ, ಅಂಗಡಿಯವನ ಮುಖವಿಲ್ಲ, ಬುದ್ಧಿ ಹೇಳಲು ಬಾಗಿಲೂ ಇಲ್ಲ.

ಕಲಾದಗಿಯ ಸಮೀಪದ ತುಳಸಿಗೇರಿಯಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತಂದೆ ಕಟ್ಟಡದ ಕೆಲಸಕ್ಕೆಂದು ಗೋವಾಕ್ಕೆ ಹೋಗಿದ್ದಾರೆ. ಅವರು ಕಳುಹಿಸುವ ಹಣ ತಾಯಿಯ ಮೊಬೈಲಿಗೆ ಜೋಡಿಸಿದ ಬ್ಯಾಂಕ್ ಖಾತೆಗೆ ಬರುತ್ತದೆ. 2020ರಲ್ಲಿ ಕೊರೋನಾದಿಂದಾಗಿ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಮಕ್ಕಳ ಕೈಗೆ ಬಂದ ಮೊಬೈಲು, ಶಾಲೆ ತೆರೆದ ಬಳಿಕವೂ ಕೈಬಿಡಲಿಲ್ಲ. ಹನ್ನೆರಡರ ಹುಡುಗ ಆಟವಾಡುತ್ತಾನೆ. ಆಟ ಉಚಿತ. ಆದರೆ ಆಟದೊಳಗಿನ ಬಂದೂಕಿಗೆ ಬಣ್ಣ, ಸೈನಿಕನಿಗೆ ಹೊಸ ಅಂಗಿ, ಗೆಳೆಯರಲ್ಲಿ ಮರ್ಯಾದೆ, ಇವು ಯಾವುವೂ ಉಚಿತವಲ್ಲ. ತಾಯಿ ಅಂಗಡಿಯಲ್ಲಿ ಹಣ ಪಾವತಿಸುವಾಗ ಒತ್ತುವ ಪಿನ್ ಸಂಖ್ಯೆ ಹುಡುಗನಿಗೆ ಬಾಯಿಪಾಠ. ತಿಂಗಳ ಕೊನೆಯಲ್ಲಿ ರೇಶನ್ ತರಲು ಹೊರಟಾಗ ನಾಲ್ಕು ಸಾವಿರ ರೂಪಾಯಿ ಕಾಣೆಯಾಗಿರುವುದು ತಿಳಿಯುತ್ತದೆ. ದೂರು ಕೊಡಲು ಹೋದರೆ ಇಂಗ್ಲಿಷಿನಲ್ಲಿ ಒಂದು ಸಿದ್ಧ ಉತ್ತರ: ಈ ಖರೀದಿಗೆ ಮರುಪಾವತಿ ಇಲ್ಲ. ಆ ರಾತ್ರಿ ಏಟು ತಿನ್ನುವವನು ಹುಡುಗ, ಬೈಸಿಕೊಳ್ಳುವವಳು ತಾಯಿ. ಹಣ ಪಡೆದವನ ಹೆಸರೂ ಆ ಮನೆಗೆ ಗೊತ್ತಿಲ್ಲ.

ತಪ್ಪು ಯಾರದು? ಹುಡುಗನದ್ದೆನ್ನುವುದು ಸುಲಭ. ಅಂತಹ ಮನೆಗಳಲ್ಲಿ ಶಿಸ್ತಿಲ್ಲವೆನ್ನುವುದು ಇನ್ನೂ ಸುಲಭ. ಆದರೆ ಆ ಆಟದ ವಿನ್ಯಾಸವನ್ನು ಒಮ್ಮೆ ನೋಡಿ. ಅಂಗಿಯ ಬೆಲೆಯನ್ನು ಅದು ರೂಪಾಯಿಯಲ್ಲಿ ಹೇಳುವುದಿಲ್ಲ. ಡೈಮಂಡ್, ಯುಸಿ, ನಾಣ್ಯ ಎಂಬ ಕೃತಕ ಹಣದಲ್ಲಿ ಹೇಳುತ್ತದೆ. ರೂಪಾಯಿ ಒಮ್ಮೆ ನಾಣ್ಯವಾಯಿತೆಂದರೆ ಖರ್ಚಾಗುವುದು ಅಬ್ಬಾನ ಕೂಲಿ ಎಂಬುದು ಮಗುವಿಗೆ ಮರೆತುಹೋಗುತ್ತದೆ. ನಾಣ್ಯಗಳ ಕಟ್ಟುಗಳು ವಸ್ತುವಿನ ಬೆಲೆಗೆ ಸರಿಹೊಂದದಿದ್ದಾಗ ಸ್ವಲ್ಪ ಉಳಿಯುತ್ತದೆ. ಉಳಿದದ್ದನ್ನು ಬಳಸಲು ಮತ್ತೆ ಕೊಳ್ಳಬೇಕಾಗುತ್ತದೆ. 'ಇನ್ನು ಎರಡೇ ಗಂಟೆ' ಎಂದು ಗಡಿಯಾರವೊಂದು ಪರದೆಯ ಮೇಲೆ ಓಡುತ್ತದೆ. ಒಳಗೆ ಏನಿದೆಯೆಂದು ತಿಳಿಯದ ಪೆಟ್ಟಿಗೆಯನ್ನು ಹಣ ಕೊಟ್ಟು ತೆರೆಯಬೇಕು. ಹತ್ತು ಬಾರಿ ತೆರೆದರೂ ಬೇಕಾದ್ದು ಸಿಗದಿರಬಹುದು. ಇಂತಹ ಪೆಟ್ಟಿಗೆಗಳು ಜೂಜಾಟದ ಕಾನೂನಿನ ವ್ಯಾಪ್ತಿಗೆ ಬರುತ್ತವೆಂದು ಬೆಲ್ಜಿಯಂ ದೇಶದ ಗೇಮಿಂಗ್ ಆಯೋಗ 2018ರಲ್ಲೇ ಹೇಳಿತು.

ಜಾತ್ರೆಯಲ್ಲಿ ಬಳೆ ಎಸೆದು ಸಾಬೂನು ಗೆಲ್ಲುವ ಆಟವನ್ನು ತುಳಸಿಗೇರಿಯ ಮಕ್ಕಳೂ ನೋಡಿದ್ದಾರೆ. ಅಲ್ಲಿಯೂ ಹಣ ಹೋಗುತ್ತದೆ, ನಿಜ. ಆದರೆ ಅಲ್ಲಿ ಜೇಬಿನ ಹಣ ಮುಗಿದರೆ ಆಟ ಮುಗಿಯುತ್ತದೆ. ಆಡಿಸುವವನು ಎದುರಿಗೇ ನಿಂತಿರುತ್ತಾನೆ, ಮೋಸವೆನಿಸಿದರೆ ಜಗಳವಾಡಬಹುದು. ಮೊಬೈಲಿನ ಜಾತ್ರೆ ವರ್ಷವಿಡೀ ನಡೆಯುತ್ತದೆ ಮತ್ತು ಅದರ ಜೇಬು ತಾಯಿಯ ಬ್ಯಾಂಕ್ ಖಾತೆ.

ಇದು ನಮ್ಮ ಊರುಗಳ ಬಡವರ, ಅರೆಕಲಿತವರ ಸಮಸ್ಯೆ ಮಾತ್ರವೆಂದು ಯಾರೂ ಭಾವಿಸಬೇಕಾಗಿಲ್ಲ. ಅಮೆರಿಕದ ವಿದ್ಯಾವಂತ ತಂದೆತಾಯಂದಿರೂ ಇದೇ ಬಲೆಗೆ ಬಿದ್ದರು. ಮಕ್ಕಳು ಪೋಷಕರ ಒಪ್ಪಿಗೆಯಿಲ್ಲದೆ ಆ್ಯಪ್‌ಗಳಲ್ಲಿ ಮಾಡಿದ ಖರೀದಿಗಾಗಿ 2014ರಲ್ಲಿ ಆ್ಯಪಲ್ ಕಂಪೆನಿ ಕನಿಷ್ಠ 3.25 ಕೋಟಿ ಡಾಲರ್ ಮತ್ತು ಗೂಗಲ್ ಕನಿಷ್ಠ 1.9 ಕೋಟಿ ಡಾಲರ್ ಹಿಂದಿರುಗಿಸಲು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನಿನೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. 2022ರ ಡಿಸೆಂಬರಿನಲ್ಲಿ 'ಫೋರ್ಟ್‌ನೈಟ್' ಆಟದ ಎಪಿಕ್ ಗೇಮ್ಸ್ ಕಂಪೆನಿ ಗ್ರಾಹಕರಿಗೆ ಹಿಂದಿರುಗಿಸಲೆಂದು 24.5 ಕೋಟಿ ಡಾಲರ್ ನೀಡಲು ಒಪ್ಪಿತು. ಒಂದೇ ಗುಂಡಿ ಒತ್ತಿದರೆ ಹಣ ಕಡಿತವಾಗುವಂತೆ ಪರದೆಯನ್ನು ರೂಪಿಸಲಾಗಿತ್ತು, ಅನಧಿಕೃತ ಪಾವತಿಯೆಂದು ಕಾರ್ಡ್ ಕಂಪೆನಿಗೆ ದೂರಿದವರ ಖಾತೆಗಳಿಗೇ ಬೀಗ ಹಾಕಲಾಗಿತ್ತು ಎಂಬುದು ಕಮಿಷನ್ನಿನ ಆರೋಪವಾಗಿತ್ತು. ಗಮನಿಸಬೇಕಾದ ಸಂಗತಿಯೊಂದಿದೆ. ಅಲ್ಲಿ ಹಣ ಮರಳಿದ್ದು ಕಂಪೆನಿಗಳ ಔದಾರ್ಯದಿಂದಲ್ಲ. ತಂದೆತಾಯಂದಿರು ನಾಚಿಕೆಯಿಂದ ಸುಮ್ಮನಾಗದೆ ದೂರಿದರು, ದೂರನ್ನು ಕೇಳುವ ಸಂಸ್ಥೆಯೊಂದಿತ್ತು.

ಇನ್ನೊಂದು ಅನ್ಯಾಯ ಇದಕ್ಕಿಂತ ಸೂಕ್ಷ್ಮವಾದುದು. ಬಾಗಲಕೋಟೆ ಜಿಲ್ಲೆಯ ಜನರಿಗೆ 'ಮುಳುಗಡೆ' ಎಂಬ ಶಬ್ದವನ್ನು ಯಾರೂ ವಿವರಿಸಬೇಕಾಗಿಲ್ಲ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮನೆ, ಹೊಲ, ಅಂಗಡಿಗಳು ಮುಳುಗಿದಾಗ ಪರಿಹಾರ ಸಾಲದಾಯಿತು, ತಡವಾಯಿತು ಎಂಬ ನೋವು ಇಂದಿಗೂ ಇದೆ. ಆದರೂ ಅಲ್ಲಿ ನೋಟಿಸು ಬಂತು, ಆಸ್ತಿಯ ಮೌಲ್ಯಮಾಪನವಾಯಿತು, ನ್ಯಾಯಾಲಯದ ಬಾಗಿಲು ತೆರೆದಿತ್ತು. ಕಳೆದುಕೊಂಡದ್ದು ಅವರದೇ ಆಸ್ತಿ ಎಂಬುದನ್ನು ಯಾರೂ ನಿರಾಕರಿಸಲಿಲ್ಲ. ಆಟದ ಕಂಪೆನಿಯೊಂದು ತನ್ನ ಸರ್ವರನ್ನು ನಿಲ್ಲಿಸಿದಾಗ ಗ್ರಾಹಕನು ಕೊಂಡದ್ದೆಲ್ಲವೂ ಮುಳುಗುತ್ತದೆ. ಆದರೆ ಅಲ್ಲಿ ಮೌಲ್ಯಮಾಪನವಿಲ್ಲ. ಏಕೆಂದರೆ ಅದು ನಿನ್ನದಾಗಿರಲೇ ಇಲ್ಲ ಎನ್ನುತ್ತದೆ ಒಪ್ಪಂದ.

ಯೂಬಿಸಾಫ್ಟ್ ಕಂಪೆನಿಯ 'ದಿ ಕ್ರ್ಯೂ' ಎಂಬ ಆಟ 2014ರಲ್ಲಿ ಬಂತು. ಜನ ಪೂರ್ಣ ಬೆಲೆ ತೆತ್ತು ಕೊಂಡರು. 2024ರ ಮಾರ್ಚ್ 31ರಂದು ಸರ್ವರ್ ನಿಂತಿತು, ಡಿಸ್ಕ್ ಕೈಯಲ್ಲಿದ್ದವರಿಗೂ ಆಟ ಇಲ್ಲವಾಯಿತು. ಇದರಿಂದ ಹುಟ್ಟಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಮನವಿಗೆ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿಯಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಡಿಜಿಟಲ್ ವಸ್ತುವಿನ ಬಳಕೆಗೆ ಪರವಾನಗಿ ಮಾತ್ರ ನೀಡುವವನು ಅದನ್ನು ಸ್ಪಷ್ಟವಾಗಿ ತಿಳಿಸದೆ 'ಖರೀದಿಸಿ' ಎಂಬ ಪದ ಬಳಸುವಂತಿಲ್ಲ.

ನಮ್ಮ ದೇಶದ ಅನುಭವವೇನು? 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ ಪಬ್‌ಜಿ ಮೊಬೈಲನ್ನು ಇತರ 117 ಆ್ಯಪ್‌ಗಳೊಂದಿಗೆ ನಿಷೇಧಿಸಿತು. 2021ರ ಜುಲೈಯಲ್ಲಿ ಅದೇ ಆಟ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಲ್ಲಿ ಮರಳಿತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ನಿಷೇಧಗೊಂಡಿತು. ಅದೇ ವರ್ಷದ ಜುಲೈಯಲ್ಲಿ ಬ್ಯಾಟಲ್‌ಗ್ರೌಂಡ್ಸ್ ಕೂಡ ಆ್ಯಪ್ ಅಂಗಡಿಗಳಿಂದ ಮಾಯವಾಗಿ 2023ರ ಮೇಯಲ್ಲಿ ಮತ್ತೆ ಕಾಣಿಸಿಕೊಂಡಿತು. ದೇಶದ ಭದ್ರತೆ ಸರಕಾರದ ಹೊಣೆ, ಅದರಲ್ಲಿ ನಮಗೆ ತಕರಾರಿಲ್ಲ. ಆದರೆ ಈ ಬರುವಿಕೆ ಹೋಗುವಿಕೆಗಳ ನಡುವೆ ಆಟದೊಳಗೆ ಹಣ ಸುರಿದಿದ್ದ ಗ್ರಾಹಕನ ಪ್ರಶ್ನೆ ಮುನ್ನೆಲೆಗೆ ಬರಲೇ ಇಲ್ಲ.

ಹಣವಿಟ್ಟು ಆಡುವ ಆಟಗಳ ವಿಷಯದಲ್ಲಿ ಕರ್ನಾಟಕ ಮೊದಲೇ ಎಚ್ಚೆತ್ತಿತ್ತು. 2021ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಪೊಲೀಸ್ ತಿದ್ದುಪಡಿ ಕಾಯ್ದೆಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿ 14ರಂದು ಹೈಕೋರ್ಟು ರದ್ದುಗೊಳಿಸಿತು. ಬಳಿಕ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿ, 2025ರ ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಹಣದಾಟ ನಡೆಸುವವರಿಗೆ 3 ವರ್ಷದವರೆಗೆ ಸೆರೆವಾಸ, 1 ಕೋಟಿ ರೂಪಾಯಿವರೆಗೆ ದಂಡ ವಿಧಿಸುವ ಅವಕಾಶ ಅದರಲ್ಲಿದೆ. ಕಂಪೆನಿಗಳು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವು. ಅದೇನೇ ಇರಲಿ, ಕಾಯ್ದೆಯ ಆಶಯವನ್ನು ನಾವು ಸ್ವಾಗತಿಸುತ್ತೇವೆ. ಆದರೆ ಅದು ಮುಚ್ಚಲು ಹೊರಟಿರುವುದು ಹಣ ಗೆಲ್ಲುವ ಆಸೆ ತೋರಿಸುವ ಬಾಗಿಲನ್ನು. ಗೆಲ್ಲಲು ಏನೂ ಇಲ್ಲದೆ ಕೇವಲ ಕಳೆದುಕೊಳ್ಳುವ ಬಾಗಿಲು, ಅಂದರೆ ಆಟದೊಳಗಿನ ಆ ಅಂಗಡಿ, ತೆರೆದೇ ಇದೆ. ತುಳಸಿಗೇರಿಯ ಹುಡುಗನ ಹಣ ಹೋದದ್ದು ಆ ಬಾಗಿಲಿನಿಂದ.

ಹಾಗಾದರೆ ಆ ತಾಯಿಗೆ ದಾರಿಯೇ ಇಲ್ಲವೇ? ಇದೆ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತ ವಯಸ್ಕನು ಕರಾರು ಮಾಡಿಕೊಳ್ಳಲು ಅರ್ಹನಲ್ಲ. ಅಂತಹ ಕರಾರು ಮೊದಲಿನಿಂದಲೇ ಅಸಿಂಧು ಎಂದು 1903ರಲ್ಲಿ ಪ್ರೀವಿ ಕೌನ್ಸಿಲ್ ತೀರ್ಪಿತ್ತಿದೆ. ಖಾತೆ ದೊಡ್ಡವರದು, ಪಿನ್ ಸರಿಯಾಗಿತ್ತು ಎಂದು ಕಂಪೆನಿ ವಾದಿಸಬಹುದು. ಆದ್ದರಿಂದ ಗೆಲುವು ಖಚಿತವೆಂದು ನಾವು ಹೇಳುವುದಿಲ್ಲ. ಆದರೆ ಕೇಳುವ ಹಕ್ಕು ಖಚಿತ. 2020ರ ಇ-ವಾಣಿಜ್ಯ ನಿಯಮಗಳಂತೆ ಕಂಪೆನಿಯ ದೂರು ಅಧಿಕಾರಿ 48 ಗಂಟೆಗಳಲ್ಲಿ ದೂರಿಗೆ ಸ್ವೀಕೃತಿ ನೀಡಿ ಒಂದು ತಿಂಗಳೊಳಗೆ ಪರಿಹರಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕಣ್ಣು ತಪ್ಪಿಸಿ ಒಪ್ಪಿಗೆ ಪಡೆಯುವ 13 ಬಗೆಯ 'ಡಾರ್ಕ್ ಪ್ಯಾಟರ್ನ್'ಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೆಸರಿಸಿ ನಿಷೇಧಿಸಿದೆ. ಸುಳ್ಳು ಅವಸರ ಹುಟ್ಟಿಸುವುದೂ ಅವುಗಳಲ್ಲೊಂದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಕಂಪೆನಿಯ ಕಚೇರಿ ಎಲ್ಲೇ ಇರಲಿ, ತುಳಸಿಗೇರಿಯವರಿಗೆ ಬಾಗಲಕೋಟೆಯ ಜಿಲ್ಲಾ ಗ್ರಾಹಕರ ಆಯೋಗ ಸಾಕು. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಕಾಲಮಿತಿ 2 ವರ್ಷ.

ಆದರೂ ಕಾನೂನಿನಲ್ಲಿ ಒಂದು ದೊಡ್ಡ ಕೊರತೆ ಉಳಿದಿದೆ. ಕಂಪೆನಿಯ ಕರಾರೇ ಅನ್ಯಾಯದ್ದು ಎಂಬ ದೂರನ್ನು ಜಿಲ್ಲಾ ಆಯೋಗ ಆಲಿಸುವಂತಿಲ್ಲ. ರಾಜ್ಯ ಆಯೋಗಕ್ಕೇ ಹೋಗಬೇಕು. ನಾಲ್ಕು ಸಾವಿರಕ್ಕಾಗಿ ಕೂಲಿ ಬಿಟ್ಟು ರಾಜ್ಯ ಮಟ್ಟದಲ್ಲಿ ವ್ಯಾಜ್ಯ ಹೂಡುವವರು ಯಾರು? ಸಣ್ಣ ಮೊತ್ತದ ಅನ್ಯಾಯದ ಕರಾರುಗಳನ್ನು ಜಿಲ್ಲಾ ಆಯೋಗಗಳೇ ಆಲಿಸುವಂತೆ ಕಾಯ್ದೆ ತಿದ್ದುಪಡಿಯಾಗಬೇಕು. ಆಟದೊಳಗಿನ ಪ್ರತಿಯೊಂದು ವಸ್ತುವಿನ ಬೆಲೆಯೂ ರೂಪಾಯಿಯಲ್ಲಿ ಕಾಣಬೇಕು. ಸರ್ವರ್ ನಿಲ್ಲಿಸುವ ಮೊದಲು ಸಾಕಷ್ಟು ಕಾಲಾವಕಾಶ ನೀಡಿ, ಬಳಸದೆ ಉಳಿದ ನಾಣ್ಯದ ಹಣವನ್ನು ಹಿಂದಿರುಗಿಸಬೇಕು. ಕನ್ನಡ ನಾಡಿನಲ್ಲಿ ಹಣ ಪಡೆಯುವವರು ಕನ್ನಡದಲ್ಲಿ ದೂರನ್ನೂ ಪಡೆಯಬೇಕು. ಇವು ಅತಿಯಾದ ಬೇಡಿಕೆಗಳೇ? ಸಂತೆಯ ಸಾಮಾನ್ಯ ವ್ಯಾಪಾರಿಯಿಂದ ನಾವು ನಿರೀಕ್ಷಿಸುವ ಪ್ರಾಮಾಣಿಕತೆಗಿಂತ ಇವು ಒಂದು ಗುಲಗಂಜಿಯಷ್ಟೂ ಹೆಚ್ಚಲ್ಲ.

ಇಷ್ಟು ಹೇಳಿದ ಬಳಿಕ ನಮ್ಮ ಮನೆಯೊಳಗೂ ನೋಡಿಕೊಳ್ಳದಿದ್ದರೆ ಮಾತು ಅರ್ಧವಾದೀತು. ಮಗು ಅಳದಿರಲೆಂದು ಮೊಬೈಲು ಕೊಟ್ಟವರು ನಾವು. ಪಿನ್ ಸಂಖ್ಯೆಯನ್ನು ಮಗುವಿನ ಎದುರಿಗೇ ಒತ್ತಿದವರು ನಾವು. ಪ್ರತಿ ಖರೀದಿಗೂ ಗುಪ್ತಪದ ಕೇಳುವಂತೆ ಮೊಬೈಲಿನಲ್ಲಿ ವ್ಯವಸ್ಥೆ ಮಾಡುವುದಕ್ಕೆ ಐದು ನಿಮಿಷ ಸಾಕು. ಮನೆಖರ್ಚಿನ ಖಾತೆಯನ್ನೂ ಮಗುವಿನ ಕೈಗೆ ಹೋಗುವ ಮೊಬೈಲನ್ನೂ ಬೇರೆ ಬೇರೆ ಇಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಅದಕ್ಕಿಂತಲೂ ಮುಖ್ಯವಾಗಿ, ಹಣ ಹೋದ ರಾತ್ರಿ ಕೈ ಎತ್ತುವ ಮೊದಲು ಕೇಳುವ ತಾಳ್ಮೆ ಬೇಕು. ಏಟಿನ ಭಯವಿರುವ ಮಗು ಮೊದಲ ನೂರು ರೂಪಾಯಿ ಹೋದಾಗ ಹೇಳುವುದಿಲ್ಲ. ನಾಲ್ಕು ಸಾವಿರ ಹೋಗುವವರೆಗೂ ಅಡಗಿಸುತ್ತದೆ. ಗೂಗಲ್ ಪ್ಲೇ ಮೂಲಕ ಮಾಡಿದ ಖರೀದಿಗೆ 48 ಗಂಟೆಗಳೊಳಗೆ ಮರುಪಾವತಿ ಕೋರುವುದು ಸುಲಭ. ಆ 48 ಗಂಟೆ ನಮಗೆ ದೊರೆಯುವುದು ಮಗು ನಿರ್ಭಯವಾಗಿ ಬಾಯಿಬಿಟ್ಟಾಗ ಮಾತ್ರ.

ನಮ್ಮ ಜಮಾಅತ್ ಸಮಿತಿಗಳಲ್ಲಿ, ಯುವಕ ಸಂಘಗಳಲ್ಲಿ ಓದಿದವರಿಗೆ ಕೊರತೆಯಿಲ್ಲ. ತಿಂಗಳಿಗೊಂದು ಸಂಜೆ ಕುಳಿತು, ನೆರೆಹೊರೆಯ ಯಾವ ಮನೆಯವರೇ ಬರಲಿ, ಅವರ ಪಾವತಿಯ ದಾಖಲೆ ತೆಗೆದು, 1915ಕ್ಕೆ ಕರೆ ಮಾಡಿಸಿ, ಆಯೋಗಕ್ಕೆ ಅರ್ಜಿ ಬರೆದುಕೊಟ್ಟರೆ ಅದೂ ಒಂದು ಸಮಾಜಸೇವೆ. ಒಬ್ಬ ತಾಯಿಯ ದೂರನ್ನು ಕಂಪೆನಿ ಕಡೆಗಣಿಸಬಹುದು. ಒಂದೇ ಜಿಲ್ಲೆಯಿಂದ ನೂರು ತಾಯಂದಿರು ದೂರು ಕೊಟ್ಟರೆ ಉತ್ತರಿಸಲೇಬೇಕಾಗುತ್ತದೆ. ನಾಲ್ಕು ಸಾವಿರ ರೂಪಾಯಿ ಕಂಪೆನಿಗೆ ಲೆಕ್ಕಕ್ಕೆ ಬಾರದ ಮೊತ್ತವಿರಬಹುದು. ತುಳಸಿಗೇರಿಯ ಆ ಮನೆಗೆ ಅದು ಒಂದು ತಿಂಗಳ ರೇಶನ್ನು. ಅದನ್ನು ಕೇಳಿ ಪಡೆಯುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.