ಕಪಾಟಿನ ಕ್ಯಾಮೆರಾ, ಅಟ್ಟದ ರೀಲು

ಹಳೆಯ ಹೋಮ್ ಮೂವಿ ಕ್ಯಾಮೆರಾ ಹಾಗೂ ಪ್ರೊಜೆಕ್ಟರುಗಳನ್ನು ಸಂಗ್ರಹಿಸುವ ಹವ್ಯಾಸ ಅಮೆರಿಕದ ಕನ್ನಡಿಗರಲ್ಲೂ ಕೆಲವರಿಗೆ ಹಿಡಿದಿದೆ. ಗರಾಜ್ ಸೇಲುಗಳಲ್ಲಿ ಬೆಲ್ ಅಂಡ್ ಹೋವೆಲ್, ಬೋಲೆಕ್ಸ್, ಆಸ್ಟ್ರಿಯಾದ ಯೂಮಿಗ್ ಯಂತ್ರಗಳು ಇಂದಿಗೂ ಕಣ್ಣಿಗೆ ಬೀಳುತ್ತವೆ. ಹವ್ಯಾಸ ಒಳ್ಳೆಯದೇ. ಆದರೆ ಈ ಯಂತ್ರಗಳು ದಿವಾನಖಾನೆಯ ಕಪಾಟಿನಲ್ಲಿ ಬರಿಯ ಅಲಂಕಾರವಾಗಿ ಕೂರುವುದಕ್ಕೆ ನಮ್ಮ ತಕರಾರಿದೆ.

ಕೊಡಾಕ್ ಸಂಸ್ಥೆ ‘ಸೂಪರ್ 8’ ಫಿಲ್ಮನ್ನು ಹೊರತಂದದ್ದು 1965ರಲ್ಲಿ. ಏಷ್ಯಾದ ವಲಸಿಗರಿಗಿದ್ದ ಬಿಗಿಯಾದ ಮಿತಿಗಳನ್ನು ತೆಗೆದುಹಾಕಿದ ಅಮೆರಿಕದ ಕಾಯ್ದೆಗೆ ಸಹಿ ಬಿದ್ದದ್ದೂ ಅದೇ ವರ್ಷ. ಕಾಕತಾಳೀಯವೇ ಸರಿ, ಆದರೂ ಆ ನಂತರ ಇಲ್ಲಿಗೆ ಬಂದ ಹಿರಿಯರು ಕಂಡ ಮೊದಲ ಹಿಮ, ಕೊಂಡ ಮೊದಲ ಕಾರು, ರಜೆಗೆ ಊರಿಗೆ ಹೋದಾಗ ಜಗಲಿಯಲ್ಲಿ ಕುಳಿತಿದ್ದ ಅಜ್ಜಿ, ಎಲ್ಲವೂ ಸೇರಿದ್ದು ಆ ಪುಟ್ಟ ಕಾರ್ಟ್ರಿಜ್‌ಗಳಲ್ಲಿ. ಒಂದರಲ್ಲಿ ಐವತ್ತು ಅಡಿ ಫಿಲ್ಮು. ಓಡುವುದು ಮೂರು ನಿಮಿಷ ಇಪ್ಪತ್ತು ಸೆಕೆಂಡು. ಇಂದು ಮಗುವಿನ ಒಂದು ಹುಟ್ಟುಹಬ್ಬಕ್ಕೇ ಅದರ ಹತ್ತರಷ್ಟು ಚಿತ್ರೀಕರಿಸುವ ನಮಗೆ ಆ ಮಿತವ್ಯಯ ಅರ್ಥವಾಗುವುದು ಕಷ್ಟ.

ಆ ರೀಲುಗಳು ಈಗ ಅನೇಕ ಮನೆಗಳ ಅಟ್ಟ ಸೇರಿವೆ. ಬೇಸಿಗೆಯಲ್ಲಿ ಕಾದ ಬಾಣಲೆಯಂತಾಗುವ ಅಟ್ಟಕ್ಕಿಂತ ಕೆಟ್ಟ ಜಾಗ ಫಿಲ್ಮಿಗೆ ಬೇರೊಂದಿಲ್ಲ. ಶಾಖ, ತೇವಗಳಿಗೆ ಅಸಿಟೇಟ್ ಫಿಲ್ಮು ಕೊಳೆಯತೊಡಗಿ, ವಿನೆಗರಿನ ಹುಳಿವಾಸನೆ ಬಿಟ್ಟು, ಕುಗ್ಗಿ ಸುರುಳಿಗಟ್ಟುತ್ತದೆ. ಒಮ್ಮೆ ಹಿಡಿದ ಈ ರೋಗವನ್ನು ತಂಪಿನಲ್ಲಿಟ್ಟು ನಿಧಾನಿಸಬಹುದೇ ಹೊರತು ವಾಸಿಮಾಡಲಾಗದು.

‘ಡಿವಿಡಿ ಮಾಡಿಸಿಯಾಯಿತಲ್ಲ’ ಎನ್ನುವವರಿದ್ದಾರೆ. ಮಾಡಿಸಿದ್ದು ಸರಿ, ಮೂಲ ರೀಲನ್ನು ಎಸೆಯುವುದು ಸರಿಯಲ್ಲ. ಅಂದಿನ ಡಿವಿಡಿಗಿಂತ ಇಂದಿನ ಸ್ಕ್ಯಾನರು ಅದೇ ರೀಲಿನಿಂದ ಹೆಚ್ಚಿನ ವಿವರ ತೆಗೆಯಬಲ್ಲದು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಈ ಚಿತ್ರಗಳಲ್ಲಿ ಹೆಚ್ಚಿನವು ಮೂಕಚಿತ್ರಗಳು. ಡಬ್ಬಿಯ ಮೇಲೆ ಊರಿನ ಹೆಸರು, ಇಸವಿ ಇದ್ದರೆ ನಮ್ಮ ಪುಣ್ಯ. ಬಾಗಿಲಲ್ಲಿ ನಿಂತು ಸೆರಗು ಸರಿಪಡಿಸಿಕೊಳ್ಳುವ ಆ ಹೆಂಗಸು ದೊಡ್ಡಮ್ಮನೋ ಪಕ್ಕದ ಮನೆಯವರೋ ಎಂಬುದನ್ನು ಯಾವ ಸ್ಕ್ಯಾನರೂ ಹೇಳಲಾರದು. ಹೇಳಬಲ್ಲವರಿಗೆ ಈಗ ಎಂಬತ್ತು ದಾಟಿದೆ.

2002ರಲ್ಲಿ ಫಿಲ್ಮ್ ಸಂರಕ್ಷಕರು ಆರಂಭಿಸಿದ ‘ಹೋಮ್ ಮೂವಿ ಡೇ’ಯಲ್ಲಿ ಜನರು ತಮ್ಮ ರೀಲುಗಳನ್ನು ತರುತ್ತಾರೆ, ತಿಳಿದವರು ಪರೀಕ್ಷಿಸಿ ತೆರೆಯ ಮೇಲೆ ತೋರಿಸುತ್ತಾರೆ. ನಮ್ಮ ರಾಜ್ಯೋತ್ಸವದ ದಿನ ಒಂದು ಕೋಣೆಯನ್ನು ಇದಕ್ಕೇ ಮೀಸಲಿಡಬಾರದೇಕೆ? ಸಂಗ್ರಾಹಕರು ಓಡುವ ಯಂತ್ರ ತರಲಿ, ಹಿರಿಯರು ರೀಲು ತಂದು ಮಾತಾಡಲಿ, ಮಕ್ಕಳು ಫೋನಿನಲ್ಲಿ ಆ ಮಾತನ್ನು ಮುದ್ರಿಸಿಕೊಳ್ಳಲಿ. ಆ ಗಂಟೆಗೆ ಒಂದು ನೃತ್ಯ ಕಾರ್ಯಕ್ರಮ ಕಡಿಮೆಯಾದರೆ ಕನ್ನಡಕ್ಕೇನೂ ನಷ್ಟವಿಲ್ಲ.

ಯಂತ್ರ ತರುವವರಲ್ಲಿ ಒಂದು ವಿನಂತಿ. ರೆಗ್ಯುಲರ್ 8, ಸೂಪರ್ 8 ಎರಡರ ಅಗಲ ಒಂದೇ ಆದರೂ ಅಂಚಿನ ರಂಧ್ರಗಳು ಬೇರೆ. ತಪ್ಪು ಯಂತ್ರಕ್ಕೆ ಹಾಕಿದರೆ ಹರಿಯುತ್ತವೆ. ಹಳೆಯ ರಬ್ಬರ್ ಬೆಲ್ಟು ಅಂಟಾಗಿದೆಯೇ ನೋಡಿ, ಬೇಡದ ಫಿಲ್ಮೊಂದನ್ನು ಓಡಿಸಿ ಪರೀಕ್ಷಿಸಿ ತನ್ನಿ. ಡಬ್ಬಿ ತೆರೆದಾಗ ಹುಳಿವಾಸನೆ ಬಂದ ರೀಲನ್ನು ಮಾತ್ರ ಪ್ರೊಜೆಕ್ಟರಿಗೆ ಹಾಕದೆ, ಉಳಿದವುಗಳಿಂದ ದೂರವಿರಿಸಿ, ನೇರವಾಗಿ ಸ್ಕ್ಯಾನಿಂಗಿಗೆ ಕಳುಹಿಸಿ.